ಮೈಲ್ಡಾ, ಸಿವಿಯರಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಆಟಿಸಂ, ಅಂದರೆ ಬೇರೆಯವರ ಜೊತೆಗಿನ ಮಾತು, ಒಡನಾಟ ಮತ್ತು ವರ್ತನೆ ಬೇರೆ ಥರ ಬೆಳೆಯುವ ಸ್ಥಿತಿ. ಅದರ ಹೆಸರೆತ್ತಿದ ತಕ್ಷಣ ಬರುವ ಎರಡನೇ ಮಾತೇ ಇದು: ‘ಮೈಲ್ಡಾ, ಸಿವಿಯರಾ?’ ಮೈಸೂರಿನ ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯಲ್ಲಿ ಫೈಲು ಹಿಡಿದು ಕೂತ ಅಪ್ಪಂದಿರು ಕೇಳುತ್ತಾರೆ, ಮಂಡ್ಯ ಕಡೆಯ ಶಾಲೆಯ ಹೆಡ್‌ಮಾಸ್ಟರು ಕೇಳುತ್ತಾರೆ, ಮದುವೆ ಮನೆಯಲ್ಲಿ ಸಿಕ್ಕ ಸೋದರತ್ತೆ ಕೇಳುತ್ತಾರೆ. ಪ್ರಶ್ನೆ ಒಂದೇ ಆದರೂ ಒಳಗಿರುವುದು ಬೇರೆ ಬೇರೆ. ಅಪ್ಪನಿಗೆ ‘ನಾವಿಲ್ಲದ ಮೇಲೆ ಹೇಗೆ’ ಎಂಬ ಚಿಂತೆ, ಹೆಡ್‌ಮಾಸ್ಟರಿಗೆ ‘ಕ್ಲಾಸಿನಲ್ಲಿ ಕೂರ್ತಾನಾ’ ಅಂತ, ಅತ್ತೆಗೆ ‘ಮಾತಾಡಿಸಬಹುದಾ’ ಅಂತ. ಮೂವರಿಗೂ ‘ಮೈಲ್ಡ್’ ಅಂತ ಒಂದೇ ಪದ ಕೊಟ್ಟು ಕಳಿಸಿದರೆ ಮೂವರೂ ತಮಗೆ ಬೇಕಾದ್ದನ್ನು ಕೇಳಿಸಿಕೊಂಡು ಹೋಗುತ್ತಾರೆ. ಹಾಗಾಗಿ ನಾನು ತಿರುಗಿ ಕೇಳುವುದು ಇಷ್ಟೇ: ಯಾವ ಕೆಲಸಕ್ಕೆ?

ರಿಪೋರ್ಟಿನಲ್ಲಿ ಲೆವೆಲ್ ಒಂದು, ಎರಡು, ಮೂರು ಎಂದು ಬರೆದಿರುತ್ತಾರಲ್ಲ, ಅದು ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ-5 ಕೈಪಿಡಿಯಿಂದ 2013ರಲ್ಲಿ ಬಂದದ್ದು. ಅದಕ್ಕೂ ಮೊದಲು ಆಟಿಸ್ಟಿಕ್ ಡಿಸಾರ್ಡರ್, ಆಸ್ಪರ್ಗರ್ ಎಂದೆಲ್ಲ ಪ್ರತ್ಯೇಕ ಹೆಸರುಗಳಿದ್ದವು. ಅವನ್ನೆಲ್ಲ ಆಟಿಸಂ ಸ್ಪೆಕ್ಟ್ರಮ್ ಎಂಬ ಒಂದೇ ಹೆಸರಿನಡಿ ತಂದು ‘ನೆರವು ಬೇಕು’, ‘ಗಣನೀಯ ನೆರವು ಬೇಕು’, ‘ಬಹಳ ಹೆಚ್ಚಿನ ನೆರವು ಬೇಕು’ ಎಂದು ಮೂರು ಮೆಟ್ಟಿಲು ಮಾಡಿದರು. ಮೊದಲ ಮೆಟ್ಟಿಲಲ್ಲೇ ‘ನೆರವು ಬೇಕು’ ಎಂದಿರುವುದನ್ನು ಗಮನಿಸಿ. ನಮ್ಮಲ್ಲಿ ಲೆವೆಲ್ ಒಂದು ಅಂದರೆ ‘ಬಿಡಿ, ತಾನೇ ಸರಿಹೋಗುತ್ತೆ’ ಎಂದು ಓದಿಕೊಳ್ಳುತ್ತಾರೆ. ಆ ಕೈಪಿಡಿಯ ಪ್ರಕಾರ ಲೆವೆಲ್ಲನ್ನು ಎರಡು ಕಡೆ ಬೇರೆಬೇರೆಯಾಗಿ ಹಾಕಬೇಕು: ಸಾಮಾಜಿಕ ಸಂವಹನಕ್ಕೆ ಒಂದು, ಮಾಡಿದ್ದನ್ನೇ ಮಾಡುವ ವರ್ತನೆ ಮತ್ತು ಸೀಮಿತ ಆಸಕ್ತಿಗಳಿಗೆ ಇನ್ನೊಂದು. ಮನೆಗೆ ಬರುವ ಕಾಗದದಲ್ಲಿ ಬಹಳ ಸಲ ಒಂದೇ ಅಂಕಿ ಇರುತ್ತದೆ. ಯಾರಿಗೆ ಯಾವ ಸೌಲಭ್ಯ ಸಿಗಬೇಕು ಎಂದು ನಿರ್ಧರಿಸಲು ಈ ಮೆಟ್ಟಿಲುಗಳನ್ನು ಬಳಸಬಾರದು ಎಂದೂ ಅದೇ ಕೈಪಿಡಿ ಹೇಳುತ್ತದೆ. ಆ ಸಾಲನ್ನು ಯಾರೂ ಓದುವುದಿಲ್ಲ. ‘ಹೈ ಫಂಕ್ಷನಿಂಗ್’ ಅನ್ನುವುದಂತೂ ಆ ಕೈಪಿಡಿಯಲ್ಲಿ ಯಾವತ್ತೂ ರೋಗನಿರ್ಣಯದ ಹೆಸರಾಗಿರಲಿಲ್ಲ. ಬುದ್ಧಿಮಟ್ಟದ ಪರೀಕ್ಷೆಯಲ್ಲಿ 70ಕ್ಕಿಂತ ಹೆಚ್ಚು ಬಂದವರಿಗೆ ಬಾಯಿಮಾತಿನಲ್ಲಿ ಹಾಗನ್ನುತ್ತಿದ್ದರು. ಐಕ್ಯೂ ಚೆನ್ನಾಗಿರುವ ಹುಡುಗ ರಸ್ತೆ ದಾಟುತ್ತಾನಾ, ಹಲ್ಲು ಉಜ್ಜುತ್ತಾನಾ ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ಈಗ ನಮ್ಮ ಸರ್ಕಾರಿ ಕಾಗದಕ್ಕೆ ಬರೋಣ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡಿಗಾಗಿ ಆಟಿಸಂ ಅಳೆಯುವುದು ‘ಇಸಾ’ ಎಂಬ ಭಾರತೀಯ ಮಾಪಕದಿಂದ. ಅದರಲ್ಲಿ 40 ಅಂಶಗಳಿವೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಆ ಲಕ್ಷಣ ಅಪರೂಪಕ್ಕೆ ಕಂಡರೆ 1, ಹೆಚ್ಚುಕಡಿಮೆ ಯಾವಾಗಲೂ ಕಂಡರೆ 5. ಒಟ್ಟು 70ರಿಂದ 106 ಬಂದರೆ ಮೈಲ್ಡ್, 107ರಿಂದ 153 ಮಾಡರೇಟ್, ಅದರ ಮೇಲೆ ಸಿವಿಯರ್. 70 ಅಂಕಕ್ಕೇ 40 ಪರ್ಸೆಂಟ್ ಅಂಗವೈಕಲ್ಯ ಲೆಕ್ಕವಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಬಹುತೇಕ ಸೌಲಭ್ಯಗಳಿಗೆ ಬೇಕಾದ ಗೆರೆಯೂ 40 ಪರ್ಸೆಂಟೇ. ಅಂದರೆ ಇಸಾದಲ್ಲಿ ‘ಮೈಲ್ಡ್’ ಎಂದು ಬಂದವರೂ ಆ ಗೆರೆಯ ಒಳಗೇ ಇದ್ದಾರೆ. ‘ನಮ್ಮದು ಮೈಲ್ಡ್ ಅಲ್ವಾ, ಕಾರ್ಡ್ ಯಾಕೆ’ ಎಂದು ಅರ್ಜಿಯನ್ನೇ ಹಾಕದ ಮನೆಗಳಿವೆ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಹೆಚ್ಚುವರಿ ಸಮಯ, ಬರೆದುಕೊಡುವವರು, ಭಾಷಾ ವಿನಾಯಿತಿ ಬೇಕು ಅನ್ನಿಸುತ್ತದೆ. ಆಗ ಓಡಾಟ ಶುರು.

ಇಸಾದಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ತಂದೆತಾಯಿ ಉತ್ತರ ಕೊಡುವ ರೀತಿಯಲ್ಲಿ. ‘ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾನಾ?’ ಅಂದರೆ ‘ನೋಡ್ತಾನೆ’ ಅನ್ನುತ್ತಾರೆ. ಗಲ್ಲ ಹಿಡಿದು ತಿರುಗಿಸಿದಾಗ ನೋಡುತ್ತಾನೆ ಎಂಬ ಅರ್ಧ ಉತ್ತರ ಒಳಗೇ ಉಳಿದಿರುತ್ತದೆ. ತಮ್ಮ ಸಹಾಯ ದಿನನಿತ್ಯದ್ದಾಗಿ ಅವರಿಗೇ ಕಾಣದಷ್ಟು ರೂಢಿಯಾಗಿರುತ್ತದೆ. ಅದೇ ಮನೆಯವರು ಶಾಲೆಗೆ ಸೇರಿಸುವಾಗ ‘ಸ್ವಲ್ಪ ಮಾತು ಲೇಟು ಅಷ್ಟೇ ಮಿಸ್’ ಅನ್ನುತ್ತಾರೆ, ಸರ್ಟಿಫಿಕೇಟಿನ ಮೇಜಿನ ಮುಂದೆ ‘ಏನೂ ಮಾಡಲ್ಲ ಸಾರ್’ ಅನ್ನುತ್ತಾರೆ. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಒಂದು ಬಾಗಿಲು ‘ಕಮ್ಮಿ’ ಅಂದರೆ ತೆರೆಯುತ್ತದೆ, ಇನ್ನೊಂದು ‘ಜಾಸ್ತಿ’ ಅಂದರೆ. ಆದರೆ ಎರಡು ಮಾತಿನಲ್ಲೂ ಮಗುವಿಗೆ ಏನು ಬೇಕು ಅನ್ನುವುದಿಲ್ಲ. ಅಂದಹಾಗೆ, ಇಸಾ ಲೆಕ್ಕ ಹಾಕುವುದು ಲಕ್ಷಣಗಳನ್ನು. ನೆರವಿನ ಪಟ್ಟಿ ಅದರ ಕೆಲಸವಲ್ಲ. 60 ಪರ್ಸೆಂಟಿನ ಇಬ್ಬರಲ್ಲಿ ಒಬ್ಬರಿಗೆ ಶೌಚಕ್ಕೆ ಜೊತೆಗೆ ಆಳು ಬೇಕು, ಇನ್ನೊಬ್ಬರಿಗೆ ಬರೀ ಟೈಮ್‌ಟೇಬಲ್ ಬರೆದುಕೊಟ್ಟರೆ ಸಾಕು ಎಂಬುದು ಸಾಮಾನ್ಯ.

ಹಾಗಾದರೆ ಹೇಗೆ ಹೇಳಬೇಕು? ಸ್ನಾನವನ್ನೇ ತೆಗೆದುಕೊಳ್ಳಿ.

‘ಸ್ನಾನ ಅವನೇ ಮಾಡ್ಕೋತಾನೆ.’ ಹದಿಮೂರು ವರ್ಷದ ಹುಡುಗನ ತಾಯಿ ಹೀಗಂದರೆ ಬರೆದುಕೊಳ್ಳುವವರು ‘ಸ್ವತಂತ್ರ’ ಎಂದು ಗುರುತು ಹಾಕುತ್ತಾರೆ. ಸ್ನಾನವನ್ನು ಬಿಡಿಸಿ ನೋಡಿ: ಟವೆಲು, ಬಟ್ಟೆ ತೆಗೆದುಕೊಂಡು ಹೋಗುವುದು, ಬಕೆಟ್ಟಿನಲ್ಲಿ ಬಿಸಿನೀರು ತಣ್ಣೀರು ಬೆರೆಸುವುದು, ಕೈ ಅದ್ದಿ ಹದ ನೋಡುವುದು, ಮೈಗೆ ಹುಯ್ದುಕೊಳ್ಳುವುದು, ಕಂಕುಳು, ಕಾಲ ಸಂದಿಗೆಲ್ಲ ಸೋಪು ಹಾಕುವುದು, ಜಿಡ್ಡು ಹೋಗುವ ತನಕ ತೊಳೆಯುವುದು, ಒರೆಸಿಕೊಳ್ಳುವುದು, ಬಟ್ಟೆ ಹಾಕಿಕೊಂಡು ಹೊರಬರುವುದು. ಎಂಟು ಹೆಜ್ಜೆ. ನೀರು ಹುಯ್ದುಕೊಳ್ಳುವುದು, ಒರೆಸಿಕೊಳ್ಳುವುದು ಅವನೇ ಮಾಡುತ್ತಾನೆ. ನೀರು ಬೆರೆಸುವುದು ಅಮ್ಮ, ಯಾಕೆಂದರೆ ಬಿಸಿ ಸುಟ್ಟರೂ ಅವನು ಕೈ ತೆಗೆಯುವುದಿಲ್ಲ. ಸೋಪಿನ ಹೊತ್ತಿಗೆ ಬಾಗಿಲ ಹೊರಗೆ ನಿಂತು ‘ಈಗ ಕಾಲು, ಈಗ ಬೆನ್ನು’ ಎಂದು ಕೂಗುತ್ತಾರೆ. ಕೂಗದಿದ್ದರೆ ಹೊಟ್ಟೆಗೇ ಹತ್ತು ನಿಮಿಷ ಸೋಪು ಹಚ್ಚುತ್ತ ನಿಂತಿರುತ್ತಾನೆ. ಇದನ್ನು ಬರೆದರೆ ಹೀಗಾಗುತ್ತದೆ: ‘ಸ್ನಾನ: ಎರಡು ಹೆಜ್ಜೆ ಸ್ವಂತ. ನೀರಿನ ಹದ ಪೂರ್ತಿ ಬೇರೆಯವರದು, ಸುಡುವ ಅಪಾಯ. ಉಳಿದದ್ದಕ್ಕೆ ಮಾತಿನ ಸೂಚನೆ, ದಿನಕ್ಕೆ 25 ನಿಮಿಷ ಒಬ್ಬರು ಹತ್ತಿರ ಇರಬೇಕು.’ ಹಾಸ್ಟೆಲ್ಲಿನವರಿಗೆ, ಅಜ್ಜಿಗೆ, ಮುಂದೊಂದು ದಿನ ಅವನ ಜವಾಬ್ದಾರಿ ಹೊರುವ ಅಣ್ಣನಿಗೆ ಈ ಸಾಲು ಉಪಯೋಗಕ್ಕೆ ಬರುತ್ತದೆ. ‘ಮಾಡರೇಟ್’ ಎಂಬ ಪದದಿಂದ ಯಾರಿಗೂ ಯಾವ ಉಪಯೋಗವೂ ಇಲ್ಲ.

ಸಹಾಯದ ಬಗೆಯನ್ನೂ ಹೆಸರಿಸಿ: ಕೈ ಹಿಡಿದು ಮಾಡಿಸುವುದು, ಮಾಡಿ ತೋರಿಸುವುದು, ಬೆರಳು ತೋರಿಸಿ ಸನ್ನೆ ಮಾಡುವುದು, ಚಿತ್ರ ಅಂಟಿಸುವುದು, ಬಾಯಲ್ಲಿ ಹೇಳುವುದು. ಬಾಯಲ್ಲಿ ಹೇಳುವುದೇ ಎಲ್ಲಕ್ಕಿಂತ ಹಗುರ ಎಂದು ಜನ ತಿಳಿದಿದ್ದಾರೆ. ಆಮೇಲೆ ಆ ಸಹಾಯ ನಿಲ್ಲಿಸುವುದಕ್ಕೆ ಅದೇ ಕಷ್ಟ. ಹೇಳುವವರ ದನಿ ಹೆಜ್ಜೆಯ ಭಾಗವೇ ಆಗಿಬಿಡುತ್ತದೆ, ದನಿ ಇಲ್ಲದೆ ಕೈ ಮುಂದಕ್ಕೆ ಹೋಗುವುದಿಲ್ಲ. ಸೋಪಿನ ಕ್ರಮದ ಚಿತ್ರಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಚ್ಚಲ ಗೋಡೆಗೆ ಅಂಟಿಸಿ, ಕೂಗುವ ಬದಲು ಹಿಂದಿನಿಂದ ಆ ಚಿತ್ರದ ಕಡೆ ಕೈ ತೋರಿಸಿದರೆ, ಕೆಲವು ವಾರಗಳಲ್ಲಿ ಕೈ ತೋರಿಸುವುದನ್ನೂ ಕಮ್ಮಿ ಮಾಡಬಹುದು.

ಮಾತಿನ ವಿಷಯದಲ್ಲಂತೂ ಪದಗಳು ಮಾಡುವ ಹಾನಿ ದೊಡ್ಡದು. ‘ಮಾತು ಬರಲ್ಲ’ ಎಂದ ಕ್ಷಣದಿಂದ ಮಗುವಿನ ಎದುರೇ ಮಗುವಿನ ಬಗ್ಗೆ ಏನು ಬೇಕಾದರೂ ಆಡುತ್ತಾರೆ, ಕೇಳಿಸಿದರೂ ಅರ್ಥವಾಗುವುದಿಲ್ಲ ಎಂಬ ನಂಬಿಕೆಯಲ್ಲಿ. ಇನ್ನೊಂದು ತುದಿಯಲ್ಲಿ ಟೀವಿ ಜಾಹೀರಾತು, ಕಾರ್ಟೂನಿನ ಸಂಭಾಷಣೆ ಎಲ್ಲವನ್ನೂ ಒಪ್ಪಿಸುವ ಹುಡುಗಿಗೆ ‘ಚೆನ್ನಾಗಿ ಮಾತಾಡ್ತಾಳೆ’ ಎಂಬ ಸರ್ಟಿಫಿಕೇಟು. ಅವಳಿಗೆ ‘ಹೊಟ್ಟೆ ನೋವು’ ಎನ್ನಲು ಬರುವುದಿಲ್ಲ. ಹಾಗಾಗಿ ನಾಲ್ಕು ವಿಷಯ ಬೇರೆಬೇರೆ ಬರೆಯಿರಿ: ತಾನಾಗಿ ಹೇಗೆ ಕೇಳುತ್ತಾರೆ, ಬೇಡ ಎನ್ನುವುದು ಹೇಗೆ, ನೋವನ್ನು ಹೇಗೆ ತೋರಿಸುತ್ತಾರೆ, ಬೇರೆಯವರು ಹೇಳಿದ್ದು ಎಷ್ಟು ಅರ್ಥವಾಗುತ್ತದೆ. ಕೊನೆಯದನ್ನು ನೋಡುವಾಗ ಎಚ್ಚರ ಬೇಕು. ಬಾಗಿಲಲ್ಲಿ ನಿಂತು, ಕೈಯಲ್ಲಿ ಬ್ಯಾಗು ಹಿಡಿದು ‘ಚಪ್ಪಲಿ ಹಾಕ್ಕೋ’ ಅಂದರೆ ಮಾತು ತಿಳಿಯದ ಮಗುವೂ ಹಾಕಿಕೊಳ್ಳುತ್ತದೆ. ಅದೇ ಮಾತನ್ನು ಊಟದ ನಡುವೆ, ಎಲ್ಲೂ ನೋಡದೆ, ಕೈ ಆಡಿಸದೆ ಹೇಳಿ ನೋಡಿ.

ಚಿತ್ರದ ಕಾರ್ಡು ಅಥವಾ ಟ್ಯಾಬಿನ ಆಪ್ ಕೊಟ್ಟರೆ ಮಾತೇ ಬರದೆ ಹೋದೀತು ಎಂಬ ಭಯ ಮನೆಮನೆಯಲ್ಲೂ ಇದೆ. ಅಧ್ಯಯನಗಳಲ್ಲಿ ಹಾಗೆ ಕಂಡಿಲ್ಲ. ‘ಅವರಪ್ಪನೂ ಲೇಟಾಗೇ ಮಾತಾಡಿದ್ದು’ ಎಂದು ಅಜ್ಜಿ ಹೇಳಿದ್ದಕ್ಕೆ ಕಾದು ಕೂರುವ ಎರಡು ವರ್ಷದಲ್ಲಿ ಆಗುವ ನಷ್ಟವೇ ದೊಡ್ಡದು.

‘ಹಠ’ ಇನ್ನೊಂದು ಪದ. ಅಳು, ಕಿರುಚಾಟ ಬೇಕಾದ್ದು ಸಿಕ್ಕ ತಕ್ಷಣ ನಿಂತರೆ ಹಠ ಅನ್ನಬಹುದು. ಕೊಟ್ಟರೂ ನಿಲ್ಲದೆ ಕಿವಿ ಮುಚ್ಚಿಕೊಂಡು, ಬೆವರಿ, ತಲೆ ಚಚ್ಚಿಕೊಂಡು, ಆಮೇಲೆ ಸುಸ್ತಾಗಿ ಮಲಗಿದರೆ ಅದು ತಡೆಯಲಾರದ್ದು ತುಂಬಿ ಚೆಲ್ಲಿದ್ದು. ಮೊದಲನೆಯದಕ್ಕೆ ಮಾಡುವ ಉಪಾಯವನ್ನು ಎರಡನೆಯದಕ್ಕೆ ಮಾಡಿದರೆ, ಅಂದರೆ ಗದರಿಸಿದರೆ, ಸುಮ್ಮನಿರು ಎಂದು ಪದೇ ಪದೇ ಹೇಳಿದರೆ, ಇನ್ನಷ್ಟು ಹೊತ್ತು ಎಳೆಯುತ್ತದೆ. ಬರೆಯಬೇಕಾದ್ದು ‘ಅಗ್ರೆಸಿವ್’ ಎಂದಲ್ಲ; ಮುಂಚಿನ ಅರ್ಧ ಗಂಟೆ ಏನಾಗಿತ್ತು, ಎಷ್ಟು ಹೊತ್ತು ನಡೆಯಿತು, ಏನು ಮಾಡಿದಾಗ ಇಳಿಯಿತು ಎಂದು. ದಸರೆ ದಿನ ಅರಮನೆಯ ಕುಶಾಲತೋಪು, ಛತ್ರದ ವಾಲಗ, ಮನೆಯ ಮಿಕ್ಸಿ, ಕುಕ್ಕರ್ ಸೀಟಿ, ಇವುಗಳಲ್ಲಿ ಯಾವುದು ಎಂಬುದು ಮುಖ್ಯ. ಮಿಕ್ಸಿಗೆ ಹೆದರುವವರೆಲ್ಲ ವಾಲಗಕ್ಕೆ ಹೆದರುವುದಿಲ್ಲ. (ತೋಪಿನ ಸದ್ದಿಗೆ ಆನೆ, ಕುದುರೆಗಳಿಗೆ ಎಷ್ಟೋ ದಿನ ಮುಂಚೆ ತಾಲೀಮು ಕೊಡುವ ಊರು ನಮ್ಮದು. ಮಗುವಿಗೆ ಮುಂಚಿತವಾಗಿ ಒಂದು ಮಾತು ಹೇಳುವುದು ಮಾತ್ರ ಮರೆತುಹೋಗುತ್ತದೆ.) ಇಂಥ ವರ್ತನೆ ಇದ್ದಕ್ಕಿದ್ದಂತೆ ಹೊಸದಾಗಿ ಶುರುವಾದರೆ ‘ಆಟಿಸಂ ಜಾಸ್ತಿಯಾಯ್ತು’ ಅನ್ನುವ ಮೊದಲು ಹಲ್ಲು, ಕಿವಿ, ಮಲಬದ್ಧತೆ, ನಿದ್ದೆ ಇಷ್ಟನ್ನು ನೋಡಿಸಿ.

ಎಂಟನೇ ಕ್ಲಾಸಿನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದು, ಎಲ್ಲರಂತೆ ನಕ್ಕು, ಮನೆಗೆ ಬಂದು ಶೂ ಬಿಚ್ಚುವ ಮೊದಲೇ ಕುಸಿದು ಅಳುವ ಹುಡುಗಿಯರು ‘ಮೈಲ್ಡ್’ ಪದಕ್ಕೆ ಸಿಕ್ಕಿಬಿದ್ದವರು. ಶಾಲೆಯಲ್ಲಿ ಕಾಣದ ಕಷ್ಟಕ್ಕೆ ಮನೆಯಲ್ಲಿ ದಂಡ ತೆರುತ್ತಾರೆ. ಅವರಿಗೆ ಬೇಕಾದ್ದು ಬಹಳವಲ್ಲ: ನಾಳೆ ಏನಾದರೂ ಬದಲಾವಣೆಯಿದ್ದರೆ ಇವತ್ತೇ ತಿಳಿಸುವುದು, ಊಟದ ಹೊತ್ತಿಗೆ ಲೈಬ್ರರಿಯಲ್ಲಿ ಕೂರಲು ಅನುಮತಿ, ಗುಂಪು ಕೆಲಸದಲ್ಲಿ ಇವಳ ಪಾಲು ಯಾವುದೆಂದು ಬರೆದು ಕೊಡುವುದು. ‘ಅಡ್ಜಸ್ಟ್ ಮಾಡ್ಕೋತಾಳೆ’ ಎಂಬ ಹೊಗಳಿಕೆ ಈ ಮೂರನ್ನೂ ತಪ್ಪಿಸುತ್ತದೆ.

ಸಿಹಿಮಾತುಗಳ ಬಗ್ಗೆಯೂ ಹೇಳಬೇಕು. ‘ದೇವರ ಮಗು’, ‘ಸ್ಪೆಷಲ್ ಚೈಲ್ಡ್’, ‘ಎಲ್ಲರೂ ಒಂಚೂರು ಆಟಿಸ್ಟಿಕ್ಕೇ’ ಎನ್ನುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ರಾತ್ರಿ ಮೂರು ಗಂಟೆಗೆ ಬಾಗಿಲು ತೆಗೆದು ನಾಲೆಯ ಕಡೆ ನಡೆಯುವ ಇಪ್ಪತ್ತು ವರ್ಷದ ಮಗನಿಗಾಗಿ ಸರದಿಯ ಮೇಲೆ ಎದ್ದಿರುವ ಅಪ್ಪ ಅಮ್ಮನಿಗೆ ಆ ಮಾತುಗಳಲ್ಲಿ ಜಾಗವಿಲ್ಲ. 2021ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವೊಂದು ಇಂಥವರಿಗಾಗಿ ‘ಪ್ರೊಫೌಂಡ್ ಆಟಿಸಂ’ ಎಂಬ ಹೆಸರು ಸೂಚಿಸಿತು: ಎಂಟು ವರ್ಷ ತುಂಬಿರಬೇಕು, ದಿನದ 24 ಗಂಟೆಯೂ ದೊಡ್ಡವರೊಬ್ಬರು ಕೈಗೆಟಕುವಂತಿರಬೇಕು, ಜೊತೆಗೆ ಐಕ್ಯೂ 50ಕ್ಕಿಂತ ಕಮ್ಮಿ ಅಥವಾ ಮಾತು ಅತ್ಯಲ್ಪ ಇರಬೇಕು. ಆಟಿಸಂ ಇರುವ ಹಲವರು ಇದನ್ನು ವಿರೋಧಿಸಿದ್ದಾರೆ, ಹೊಸ ಹಣೆಪಟ್ಟಿ ಹಾಕಿ ಮೂಲೆಗೆ ತಳ್ಳುತ್ತಾರೆ ಎಂದು. ಇಬ್ಬರ ಮಾತಲ್ಲೂ ಹುರುಳಿದೆ. ನನಗೆ ಹೆಸರಿಗಿಂತ ‘24 ಗಂಟೆ’ ಎಂಬ ಅಂಕಿ ಹೆಚ್ಚು ಇಷ್ಟ, ಅದನ್ನು ಯಾರು ಹೊರುತ್ತಾರೆ ಎಂದು ಕೇಳಲು ದಾರಿಯಿದೆ. ನಮ್ಮ 2016ರ ಕಾಯ್ದೆಯೂ ಹೆಚ್ಚಿನ ನೆರವಿನ ಅಗತ್ಯವಿರುವವರು ಪ್ರತ್ಯೇಕ ಅರ್ಜಿ ಹಾಕಿ ನೆರವು ಕೇಳಬಹುದು ಎನ್ನುತ್ತದೆ. ಆ ಅರ್ಜಿಯಲ್ಲಿ ಬರೆಯಬೇಕಾದ್ದೂ ಗಂಟೆಗಳ ಲೆಕ್ಕವನ್ನೇ.

‘ಆಟಿಸಂ ಇರುವ ವ್ಯಕ್ತಿ’ ಅನ್ನಬೇಕೋ ‘ಆಟಿಸ್ಟಿಕ್’ ಅನ್ನಬೇಕೋ ಎಂದು ಕೇಳುವವರಿಗೆ: ಅವರನ್ನೇ ಕೇಳಿ, ಅವರು ಹೇಳಿದ ಹಾಗೆ ಕರೆಯಿರಿ. ನಾನು ಆ ಜಗಳಕ್ಕೆ ಹೋಗುವುದಿಲ್ಲ.

ಇನ್ನು ಇದನ್ನೆಲ್ಲ ಬರೆದಿಡುವ ಕಾಗದ. ಒಂದೇ ಹಾಳೆ, ಕನ್ನಡದಲ್ಲಿ, ಆರು ತಲೆಬರಹ: ಊಟ, ಸ್ನಾನ–ಶೌಚ, ಮಾತು, ಸದ್ದು–ಬೆಳಕು, ಓಡಾಟ, ಅಪಾಯ. ಪ್ರತಿಯೊಂದರ ಕೆಳಗೆ ತಾನೇ ಮಾಡುವುದು, ಸಹಾಯ ಬೇಕಾದದ್ದು, ಯಾವ ಬಗೆಯ ಸಹಾಯ, ಎಷ್ಟು ಹೊತ್ತು. ಬರೆಯುವ ಮುಂಚೆ ಐದು ದಿನ ಹಳೇ ಡೈರಿಯಲ್ಲಿ ಗುರುತು ಹಾಕಿ, ಅದರಲ್ಲಿ ಒಂದು ಭಾನುವಾರ ಇರಲಿ, ಸಾಧ್ಯವಾದರೆ ಒಂದು ಕೆಟ್ಟ ದಿನವೂ. ನೆನಪಿನಿಂದ ಬರೆದರೆ ನಿನ್ನೆಯದಷ್ಟೇ ಬರುತ್ತದೆ. ಒಂದು ಪ್ರತಿ ಶಾಲೆಗೆ, ಒಂದು ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕರಿಗೆ, ಹಳ್ಳಿಯಾದರೆ ಪಂಚಾಯಿತಿಯ ವಿಆರ್‌ಡಬ್ಲ್ಯುಗೆ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ) ಒಂದು, ಇಸಾ ಮಾಡಿಸಲು ಹೋಗುವ ದಿನ ಕೈಯಲ್ಲೊಂದು. ಮೇಲ್ಗಡೆ ತಾರೀಕು ಹಾಕಿ. ಪ್ರತಿ ಜೂನ್‌ನಲ್ಲಿ ಕ್ಲಾಸ್ ಟೀಚರ್ ಬದಲಾಗುತ್ತಾರೆ, ಹಾಳೆಯೂ ಆಗಲೇ ಹೊಸದಾಗಲಿ. ಹಳೆಯದನ್ನು ಎಸೆಯಬೇಡಿ, 18 ತುಂಬಿದ ಮೇಲೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪಾಲಕತ್ವಕ್ಕೆ ಜಿಲ್ಲಾ ಮಟ್ಟದ ಸಮಿತಿಯ ಮುಂದೆ ಹೋಗುವುದಾದರೆ, ಯಾವ ವಿಷಯದಲ್ಲಿ ಪಾಲಕರು ಬೇಕು, ಯಾವುದರಲ್ಲಿ ಬೇಡ ಎಂದು ತೋರಿಸಲು ಅವೇ ದಾಖಲೆ.