ಫ್ರಾಂಚಾಕೋರ್ತಾದ ನೆಲಮಾಳಿಗೆಗಳಿಗೆ ಹೊರಡುವ ಮುನ್ನ

ಮಿಲಾನ್ ನಗರಕ್ಕೆ ಹೋದವರಿಗೆ ಒಂದೆರಡು ದಿನ ಬಿಡುವಿದ್ದು, ವೈನ್ ಹೇಗೆ ತಯಾರಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡುವ ಆಸೆಯಿದ್ದರೆ, ಬೆರ್ಗಮೊ ಮತ್ತು ಬ್ರೆಶಾ ನಗರಗಳ ನಡುವೆ, ಇಸೆಯೊ ಸರೋವರದ ದಕ್ಷಿಣಕ್ಕೆ ಹರಡಿರುವ ಫ್ರಾಂಚಾಕೋರ್ತಾ ಎಂಬ ಗುಡ್ಡಗಾಡಿಗೆ ಹೋಗಿ ಬರಬಹುದು. ಬಾಟಲಿಯೊಳಗೇ ಎರಡನೆಯ ಸಲ ಹುದುಗು ಬರಿಸಿ ವೈನಿನಲ್ಲಿ ಗುಳ್ಳೆ ತುಂಬುವ, ಫ್ರಾನ್ಸಿನ ಶಾಂಪೇನ್ ಪ್ರದೇಶದಿಂದ ಹೆಸರಾದ ಪದ್ಧತಿಯನ್ನು ಇಟಲಿಯವರು ‘ಮೆತೊದೊ ಕ್ಲಾಸಿಕೊ’ ಎಂದು ಕರೆಯುತ್ತಾರೆ. ಇಲ್ಲಿನ ವೈನರಿಗಳು ಅದನ್ನೇ ಅನುಸರಿಸುತ್ತವೆ. ಇಟಲಿಯದೇ ಇನ್ನೊಂದು ಗುಳ್ಳೆಯ ವೈನಾದ ಪ್ರೊಸೆಕ್ಕೊ ಕುಡಿದವರು ಇದನ್ನೂ ಅದನ್ನೂ ಒಂದೇ ಎಂದುಕೊಳ್ಳುವುದುಂಟು. ಆದರೆ ಪ್ರೊಸೆಕ್ಕೊದ ಎರಡನೆಯ ಹುದುಗು ಸಾಮಾನ್ಯವಾಗಿ ದೊಡ್ಡ ಉಕ್ಕಿನ ತೊಟ್ಟಿಯಲ್ಲಿ ಕೆಲವೇ ವಾರಗಳಲ್ಲಿ ಮುಗಿಯುತ್ತದೆ, ಇಲ್ಲಿ ಹುದುಗು ಮುಗಿದ ಮೇಲೂ ವೈನನ್ನು ಅದೇ ಬಾಟಲಿಯಲ್ಲಿ ವರ್ಷಗಟ್ಟಲೆ ಬಿಡುತ್ತಾರೆ.

ನಾವು ದಂಪತಿ ಮೇ ತಿಂಗಳಲ್ಲಿ ಅಲ್ಲಿ ಎರಡು ದಿನ ಇದ್ದೆವು. ಅಲ್ಲಿ ಕಲಿತದ್ದರಲ್ಲಿ ಮುಖ್ಯವಾದುದನ್ನು ಮೊದಲೇ ಹೇಳಿಬಿಡುತ್ತೇನೆ. ಭೇಟಿಗೆ ಮುಂಚಿತವಾಗಿ ಸಮಯ ಕಾಯ್ದಿರಿಸಲೇಬೇಕು. ಹಾಗೆ ಇಮೇಲ್ ಬರೆಯುವಾಗ ‘ಸ್ಬೊಕ್ಕತೂರಾ’ ಯಾವ ದಿನ ನಡೆಯುತ್ತದೆ ಎಂದು ಕೇಳಿ, ಆ ದಿನವನ್ನೇ ಆರಿಸಿಕೊಳ್ಳಿ. ಬಾಟಲಿಯ ಕೊರಳಲ್ಲಿ ಕೂತ ಸತ್ತ ಯೀಸ್ಟಿನ ಗಷ್ಟನ್ನು ಹೊರಹಾಕುವ ಕೆಲಸಕ್ಕೆ ಅವರಿಟ್ಟಿರುವ ಹೆಸರು ಅದು. ಮೊದಲ ದಿನ ನಾವು ಭಾನುವಾರವೆಂದು ಯೋಚಿಸದೆ ಹೋಗಿ, ನಿಂತ ಯಂತ್ರಗಳನ್ನೂ ಗಾಜಿನ ಲೋಟಗಳನ್ನೂ ನೋಡಿಕೊಂಡು ಬಂದೆವು. ಮರುದಿನ ಬೆಳಿಗ್ಗೆ ಬೇರೊಂದು ಸಣ್ಣ ವೈನರಿಯಲ್ಲಿ ಕೆಲಸ ನಡೆಯುತ್ತಿತ್ತು. ಪ್ರಯಾಣ ಸಾರ್ಥಕವಾದದ್ದು ಅಲ್ಲಿಯೇ. ಕೊಯ್ಲನ್ನು ನೋಡಬೇಕೆನ್ನುವವರು ಮಾತ್ರ ಆಗಸ್ಟ್ ತಿಂಗಳಲ್ಲಿ ಹೋಗಬೇಕು. ಹುಳಿ ಉಳಿಯಲೆಂದು ದ್ರಾಕ್ಷಿಯನ್ನು ಬೇಗ ಕೀಳುತ್ತಾರೆ, ಅದೂ ನಿಯಮದ ಪ್ರಕಾರ ಕೈಯಿಂದಲೇ ಕೀಳಬೇಕು.

ಈ ಊರುಗಳಲ್ಲಿ ವೈನ್ ಹಳೆಯದಾದರೂ ಗುಳ್ಳೆಯ ವೈನಿನ ಉದ್ಯಮ ಇತ್ತೀಚಿನದು. ಬೊರ್ಗೊನಾತೊ ಎಂಬ ಹಳ್ಳಿಯಲ್ಲಿ ಗ್ವೀಡೊ ಬೆರ್ಲುಕ್ಕಿ ಅವರ ಮನೆತನದ ನೆಲಮಾಳಿಗೆಯಲ್ಲಿ ಯುವ ವೈನ್ ತಜ್ಞ ಫ್ರಾಂಕೊ ಝಿಲಿಯಾನಿ 1961ರಲ್ಲಿ ಮೂರು ಸಾವಿರ ಬಾಟಲಿಗಳನ್ನು ತಯಾರಿಸಿದ್ದು ಇದರ ಆರಂಭ. 1967ರಲ್ಲಿ ಡಿಒಸಿ ಎಂಬ, ವೈನಿನ ಮೂಲ ಪ್ರದೇಶವನ್ನು ಖಾತರಿಪಡಿಸುವ ಇಟಲಿಯ ಮಾನ್ಯತೆಯೂ 1995ರಲ್ಲಿ ಅದಕ್ಕಿಂತ ಮೇಲಿನ ಡಿಒಸಿಜಿ ಮಾನ್ಯತೆಯೂ ದೊರೆತವು. ಶಾರ್ಡೊನೆ ಮತ್ತು ಪಿನೊ ನೆರೊ ಇಲ್ಲಿನ ಮುಖ್ಯ ತಳಿಗಳು. ಪಿನೊ ಬಿಯಾಂಕೊ ಹಾಗೂ ಸ್ಥಳೀಯ ತಳಿಯಾದ ಎರ್ಬಮಾತ್‌ಗಳನ್ನು ಮಿತಿಯೊಳಗೆ ಸೇರಿಸಬಹುದು. ವಿಜಯಪುರದ ತಿನ್ನುವ ದ್ರಾಕ್ಷಿಯನ್ನು ಕಂಡವರಿಗೆ ಈ ಗೊಂಚಲುಗಳು ತೀರಾ ಚಿಕ್ಕವೆನಿಸುತ್ತವೆ.

ಕೊಯ್ಲಾದೊಡನೆ ಹಿಂಡಿದ ರಸ ಉಕ್ಕಿನ ತೊಟ್ಟಿಗಳಲ್ಲೋ ಮರದ ಪೀಪಾಯಿಗಳಲ್ಲೋ ಮೊದಲ ಸಲ ಹುದುಗಿ, ಗುಳ್ಳೆಯಿಲ್ಲದ, ನಾಲಿಗೆ ಚುರುಗುಟ್ಟಿಸುವಷ್ಟು ಹುಳಿಯ ವೈನ್ ಆಗುತ್ತದೆ. ವಸಂತದಲ್ಲಿ ಬೇರೆ ಬೇರೆ ತೋಟಗಳ ವೈನುಗಳನ್ನು ಬೆರೆಸಿ, ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆಯನ್ನೂ ಯೀಸ್ಟನ್ನೂ ಸೇರಿಸಿ ಬಾಟಲಿಗೆ ತುಂಬಿ, ಸೋಡಾ ಬಾಟಲಿಗಿರುವಂಥ ತಗಡಿನ ಮುಚ್ಚಳ ಹಾಕಿ, ನೆಲಮಾಳಿಗೆಯಲ್ಲಿ ಅಡ್ಡಡ್ಡಲಾಗಿ ಪೇರಿಸಿಡುತ್ತಾರೆ. ನಾಲ್ಕು ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಹುಟ್ಟುತ್ತದೆಂಬುದು ಅವರ ಲೆಕ್ಕ. ಅಂದರೆ ಬಾಟಲಿಯೊಳಗೆ ಆರು ವಾಯುಭಾರ. ದಪ್ಪ ಗಾಜು ಏಕೆಂದು ನನಗೆ ಅರ್ಥವಾದದ್ದು ಆಗ. ಯೀಸ್ಟ್ ಸತ್ತು ತಳಕ್ಕೆ ಕೂತ ಮೇಲೂ ವೈನನ್ನು ಆ ಗಷ್ಟಿನ ಜೊತೆಗೇ ಬಿಡುತ್ತಾರೆ. ಸಾಮಾನ್ಯ ಫ್ರಾಂಚಾಕೋರ್ತಾ ವೈನಿಗೆ ಕನಿಷ್ಠ 18 ತಿಂಗಳು, ಬಿಳಿ ದ್ರಾಕ್ಷಿಯ ಸಾತೆನ್ ಮತ್ತು ಗುಲಾಬಿ ಬಣ್ಣದ ರೋಸೆಗೆ 24, ಒಂದೇ ವರ್ಷದ ಬೆಳೆಯಿಂದಾದ ಮಿಲ್ಲೆಸಿಮಾತೊಗೆ 30, ರಿಸೆರ್ವಾಕ್ಕೆ 60 ತಿಂಗಳು ಕಾಯಬೇಕು. ಬೇಕರಿಯ ಬಾಗಿಲಲ್ಲಿ ಬರುವಂಥ ಬಿಸಿ ಬ್ರೆಡ್ಡಿನ ವಾಸನೆ ಈ ವೈನಿಗೆ ಬರುವುದು ಹೀಗೆ ಕಾದದ್ದರಿಂದಲೇ.

ಆಮೇಲೆ ಗಷ್ಟನ್ನು ಕೊರಳಿಗೆ ತರಬೇಕು. ತೂತುಗಳಿರುವ ಓರೆ ಹಲಗೆಗಳಲ್ಲಿ ಬಾಟಲಿಗಳ ಮೂತಿಯನ್ನು ಸಿಕ್ಕಿಸಿ, ದಿನವೂ ಸ್ವಲ್ಪ ತಿರುಗಿಸಿ, ಸ್ವಲ್ಪ ಎತ್ತಿ, ಕೊನೆಗೆ ತಲೆಕೆಳಗಾಗಿ ನಿಲ್ಲಿಸುತ್ತಾರೆ. ಕೈಯಿಂದಾದರೆ ವಾರಗಟ್ಟಲೆ ಹಿಡಿಯುವ ಈ ಕೆಲಸವನ್ನು ಹೆಚ್ಚಿನ ವೈನರಿಗಳಲ್ಲಿ ಈಗ ಐನೂರರಷ್ಟು ಬಾಟಲಿಗಳನ್ನು ಒಟ್ಟಿಗೆ ಹೊತ್ತ ಯಂತ್ರದ ಪಂಜರ ಒಂದು ವಾರದಲ್ಲಿ ಮುಗಿಸುತ್ತದೆ. ಪ್ರವಾಸಿಗರ ಮುಂದೆ ಇಟ್ಟಿರುವ ಹಲಗೆಗಳು ಬಹಳ ಕಡೆ ಬರಿಯ ಅಲಂಕಾರ ಎಂಬ ಗುಮಾನಿ ನನಗಿದೆ. ಅದರ ಮೇಲೆ ಧೂಳು ಕೂತಿದೆಯೇ ಎಂದು ನೋಡಿ, ಗೊತ್ತಾಗುತ್ತದೆ.

ನಾವು ಹೋದಾಗ ತಲೆಕೆಳಗಾದ ಬಾಟಲಿಗಳ ಕೊರಳು ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿಯಷ್ಟು ಕೆಳಗಿನ ಶೀತದ್ರವದಲ್ಲಿ ಮುಳುಗಿ ಮುಂದೆ ಸಾಗುತ್ತಿದ್ದವು. ಕೊರಳಲ್ಲಿ ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಮಂಜು ಕಟ್ಟಿ, ಗಷ್ಟು ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಬಾಟಲಿಯನ್ನು ನೆಟ್ಟಗೆ ಮಾಡಿ ಮುಚ್ಚಳ ತೆಗೆದೊಡನೆ ಒಳಗಿನ ಒತ್ತಡವೇ ಅದನ್ನು ಹೊರಗೆ ಎಸೆಯುತ್ತದೆ. ವಯಸ್ಸಾದ ಕೆಲಸಗಾರರೊಬ್ಬರು ನಮಗಾಗಿ ಒಂದನ್ನು ಮಂಜುಗಟ್ಟಿಸದೆಯೇ ತೆಗೆದು ತೋರಿಸಿದರು. ದೀಪಕ್ಕೆ ಹಿಡಿದು ಗಷ್ಟನ್ನು ನೋಡಿ, ಬಾಟಲಿಯನ್ನು ಮೇಲಕ್ಕೆತ್ತುತ್ತಿರುವಾಗಲೇ ಮುಚ್ಚಳ ಹಾರಿಸಿ, ಬುರುಗಿನೊಡನೆ ಗಷ್ಟು ಚಿಮ್ಮಿದ ಮರುಕ್ಷಣ ಹೆಬ್ಬೆರಳನ್ನು ಬಾಟಲಿಯ ಬಾಯಿಗೊತ್ತಿದರು. ನೆಲಕ್ಕೆ ಬಿದ್ದ ವೈನ್ ಒಂದು ಗುಟುಕಿಗಿಂತ ಹೆಚ್ಚಿರಲಿಲ್ಲ, ನನ್ನ ಅಂಗಿಯ ಮೇಲೆ ಬಿದ್ದದ್ದನ್ನು ಬಿಟ್ಟರೆ. ಖಾಲಿಯಾದಷ್ಟನ್ನು ವೈನ್ ಮತ್ತು ಸಕ್ಕರೆಯ ಮಿಶ್ರಣದಿಂದ ತುಂಬಿ ಬಿರಡೆ ಹಾಕಿ ತಂತಿ ಬಿಗಿಯುತ್ತಾರೆ.

ಕೊಳ್ಳುವಾಗ ಲೇಬಲ್ ಓದಲು ಇಷ್ಟು ತಿಳಿದಿದ್ದರೆ ಸಾಕು. ‘ದೊಸಾಜ್ಜೊ ಝೆರೊ’ ಎಂದಿದ್ದರೆ ಸಕ್ಕರೆ ಲೀಟರಿಗೆ 3 ಗ್ರಾಂ ಮೀರಿರುವುದಿಲ್ಲ, ‘ಬ್ರೂತ್’ ಎಂಬ ಬಗೆಯಲ್ಲಿ 12 ಗ್ರಾಂವರೆಗೆ ಇರಬಹುದು. ಹುಳಿ ಹಿಡಿಸದವರು ಸಾತೆನ್ ಕೇಳಬಹುದು. ಬಿಳಿ ದ್ರಾಕ್ಷಿಯಿಂದ ಮಾತ್ರ ತಯಾರಾಗುವ ಅದರಲ್ಲಿ ಒತ್ತಡ ಐದು ವಾಯುಭಾರ ಮೀರದ ಕಾರಣ ಗುಳ್ಳೆ ಬಾಯಿಗೆ ಮೃದುವಾಗಿರುತ್ತದೆ. ವೈನನ್ನು ತಿಳಿಗೊಳಿಸಲು ಕೆಲವೆಡೆ ಮೀನಿನ ಅಥವಾ ಪ್ರಾಣಿಜನ್ಯ ಅಂಟನ್ನು ಬಳಸುವುದುಂಟು; ಕಟ್ಟಾ ಸಸ್ಯಾಹಾರಿಗಳು ಅದನ್ನು ವಿಚಾರಿಸಿಕೊಳ್ಳುವುದು ಲೇಸು. ಊಟದಲ್ಲೂ ಅಷ್ಟೇ, ಕಸೊಂಚೆಲ್ಲಿ ಎಂಬ ಕಡುಬಿನೊಳಗೆ ಹೆಚ್ಚಾಗಿ ಮಾಂಸವಿರುತ್ತದೆ.

ಮಿಲಾನಿನಿಂದ ಬ್ರೆಶಾಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿಂದ ಎದೊಲೊ ಕಡೆಯ ಸಣ್ಣ ರೈಲು ಹಿಡಿದರೆ ಪ್ರೊವಾಲ್ಯೊ ಮತ್ತು ಇಸೆಯೊ ಊರುಗಳು ಸಿಗುತ್ತವೆ. ಆದರೆ ವೈನರಿಗಳು ನಿಲ್ದಾಣಗಳಿಂದ ದೂರವಿರುವುದರಿಂದ ನಾವು ಬ್ರೆಶಾದಲ್ಲಿ ಕಾರು ಬಾಡಿಗೆಗೆ ಪಡೆದೆವು. ಭಾರತದ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಬೇಕು. ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ, ನಾಲ್ಕು ಲೋಟ ರುಚಿ ನೋಡಿದವರು ಇದನ್ನು ಸುಲಭವಾಗಿ ದಾಟುತ್ತಾರೆ. ನನ್ನ ಪತ್ನಿ ಕುಡಿಯುವವಳಲ್ಲವಾದ್ದರಿಂದ ಸ್ಟೀರಿಂಗ್ ಅವಳ ಕೈಯಲ್ಲೇ ಇತ್ತು. ಅಂಥವರು ಜೊತೆಗಿಲ್ಲದಿದ್ದರೆ ಉಗುಳುವ ಪಾತ್ರೆಯನ್ನು ಸಂಕೋಚವಿಲ್ಲದೆ ಬಳಸಿ, ಅಲ್ಲಿ ಯಾರೂ ಅದನ್ನು ಅಸಭ್ಯವೆಂದು ತಿಳಿಯುವುದಿಲ್ಲ. ಹೊರಗೆ ಬಿಸಿಲಿದ್ದರೂ ನೆಲಮಾಳಿಗೆ ತಣ್ಣಗಿರುತ್ತದೆ, ಸ್ವೆಟರ್ ಮರೆಯಬೇಡಿ.

ಭಾರತಕ್ಕೆ ಹಿಂದಿರುಗುವ ಪ್ರಯಾಣಿಕರು ತಲಾ ಎರಡು ಲೀಟರ್ ಮದ್ಯವನ್ನು ಸುಂಕವಿಲ್ಲದೆ ತರಬಹುದು, ಅಂದರೆ ಮುಕ್ಕಾಲು ಲೀಟರಿನ ಎರಡು ಬಾಟಲಿ. ಅವನ್ನು ಬಟ್ಟೆಯಲ್ಲಿ ಸುತ್ತಿ ಚೆಕ್‌ಇನ್ ಪೆಟ್ಟಿಗೆಯ ನಡುವೆ ಇಡಿ. ಹಿಂಬದಿಯ ಲೇಬಲ್ಲಿನಲ್ಲಿ ಸ್ಬೊಕ್ಕತೂರಾದ ದಿನಾಂಕವನ್ನು ಅನೇಕರು ಮುದ್ರಿಸುತ್ತಾರೆ. ತೀರಾ ಈಚಿನದಾಗಿದ್ದರೆ ಬಾಟಲಿಯನ್ನು ಕೆಲವು ತಿಂಗಳು ತಂಪಾದ ಕತ್ತಲೆಯಲ್ಲಿಟ್ಟು ಆಮೇಲೆ ತೆರೆಯಿರಿ.