ಅಬ್ಹಾರ್ ಮತ್ತು ಹರ್ಷ

ಒಂದು ವಸ್ತು ಕಂಡರಾಗದು ಅನ್ನೋಕೆ ಇಂಗ್ಲಿಷಿನಲ್ಲಿ ಎಷ್ಟೊಂದು ಪದ! ಇವತ್ತು ಡಿಕ್ಷನರಿ ತೆರೆದು ಒಂದೊಂದರ ಬೇರು ಹುಡುಕುತ್ತಾ ಕೂತೆ. ಏಳೋಕೆ ಮನಸ್ಸೇ ಬರಲಿಲ್ಲ.

'ಡಿಸ್ಪೈಸ್' ಹುಟ್ಟಿದ್ದು ಲ್ಯಾಟಿನ್‌ನಲ್ಲಿ, ಮೇಲಿನಿಂದ ಕೆಳಗೆ ನೋಡುವುದರಿಂದ. ನಾವೂ ಕೀಳಾಗಿ ನೋಡೋದು ಅಂತೀವಿ, ಅಲ್ವಾ? 'ಡಿಸ್‌ಗಸ್ಟ್' ನಾಲಿಗೆಯ ಮಾತು, ರುಚಿಗೆ ಒಗ್ಗದ್ದು. 'ಡಿಟೆಸ್ಟ್' ಒಳಗೆ ಸಾಕ್ಷಿ ಇದೆ. ದೇವರನ್ನೇ ಸಾಕ್ಷಿಗೆ ಕರೆದು ಶಪಿಸುವಷ್ಟು ಸಿಟ್ಟು ಅದು. 'ಲೋದ್' ಮಾತ್ರ ಲ್ಯಾಟಿನ್‌ನಿಂದ ಬಂದದ್ದಲ್ಲ, ಹಳೆಯ ಇಂಗ್ಲಿಷಿನದೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು 'ಅಬ್ಹಾರ್'. ಅದರ ಬೇರು ಲ್ಯಾಟಿನ್‌ನ 'ಹೊರ್ರೇರೆ', ಅಂದರೆ ಕೂದಲು ನೆಟ್ಟಗಾಗುವುದು, ನಡುಗುವುದು. ನಾಯಿಯನ್ನು ಕಂಡ ಬೆಕ್ಕನ್ನು ನೆನೆಸಿಕೊಳ್ಳಿ. ಬೆನ್ನು ಬಿಲ್ಲಾಗುತ್ತೆ, ಬಾಲ ಉಬ್ಬುತ್ತೆ, ಮೈಮೇಲಿನ ಒಂದೊಂದು ಕೂದಲೂ ಮುಳ್ಳಿನ ಹಾಗೆ ಎದ್ದು ನಿಲ್ಲುತ್ತೆ. ಹಾಗೇ ಹಿಂದೆ ಸರಿಯುತ್ತೆ. 'ಅಬ್' ಅಂದರೆ ದೂರಕ್ಕೆ. ಇಡೀ ಪದ ಆ ಬೆಕ್ಕಿನಲ್ಲೇ ಇದೆ. 'ಹಾರರ್' ಕೂಡ ಇದೇ ಬೇರಿನದು.

ಇನ್ನೂ ಸೊಗಸಾದ ಸಂಗತಿ ಇದೆ. ಸಂಸ್ಕೃತದ 'ಹರ್ಷ'ವೂ ಇದೇ ಬಳ್ಳಿಯ ಕುಡಿ! ಅದರ ಮೂಲವೂ ಕೂದಲು ನಿಮಿರುವುದೇ. ಅದಕ್ಕೇ 'ರೋಮಹರ್ಷ' ಅನ್ನೋದು. ಸಾವಿರಾರು ವರ್ಷಗಳ ಹಿಂದೆ ಒಂದೇ ಆಗಿದ್ದ ಮಾತು ಅಲ್ಲಿ ಅಸಹ್ಯದ ಕಡೆ ಹೋಯಿತು, ಇಲ್ಲಿ ಖುಷಿಯ ಕಡೆ ಬಂತು.

ಓದುತ್ತಾ ಓದುತ್ತಾ ನನ್ನ ಮುಂಗೈ ನೋಡಿಕೊಂಡೆ. ಕೂದಲು ನಿಜಕ್ಕೂ ಎದ್ದು ನಿಂತಿತ್ತು.