ಮಣ್ಣಿನ ಪುಸ್ತಕದಲ್ಲಿ ಮಕ್ಕಳು

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಟೈಪಿಂಗ್ ಜೊತೆಗೆ ಕನ್ನಡಕ್ಕೆ ಅನುವಾದವನ್ನೂ ಮಾಡಿಕೊಡುತ್ತೇನೆ. ಇಲ್ಲಿ ಮೆಡಿಕಲ್ ಓದುವವರು ಜಾಸ್ತಿ, ವರ್ಷವಿಡೀ ಪೀಡಿಯಾಟ್ರಿಕ್ಸ್, ಅಂದರೆ ಮಕ್ಕಳ ವೈದ್ಯಶಾಸ್ತ್ರದ ಥೀಸಿಸ್‌ಗಳನ್ನು ಕುಟ್ಟಿ ಕುಟ್ಟಿ ‘ಪೆಡ್’ ಅಂದ್ರೆ ಮಕ್ಕಳು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು.

ಹೋದ ವರ್ಷ ಒಬ್ಬರು ಚಿತ್ರದುರ್ಗ ಜಿಲ್ಲೆಯ ಮಣ್ಣಿನ ಬಗ್ಗೆ ಕಿರುಪುಸ್ತಕ ತಂದುಕೊಟ್ಟರು. ಮೊದಲ ಅಧ್ಯಾಯದ ಹೆಸರು ‘ಪೆಡಾಲಜಿ’. ಹಿಂದೆ ಮುಂದೆ ನೋಡದೆ ‘ಮಕ್ಕಳ ಅಧ್ಯಯನ’ ಅಂತ ಹೊಡೆದೆ. ಕೆಳಗೆ ನೋಡಿದರೆ ಕೆಂಪು ಮಣ್ಣು, ಎರೆಮಣ್ಣು, ಚಳ್ಳಕೆರೆ ಕಡೆಯ ಶೇಂಗಾ ಹೊಲ! ಗೊತ್ತಾಗಿದ್ದು ಪ್ರಿಂಟ್ ಆದಮೇಲೆ. ಒಂದು ರಾತ್ರಿ ಪೂರ್ತಿ ಕೂತು ಪ್ರತಿ ಪುಸ್ತಕಕ್ಕೂ ಚೀಟಿ ಅಂಟಿಸಿದೆ, ದುಡ್ಡು ಕೇಳೋಕೆ ಮುಖವಿರಲಿಲ್ಲ.

ಆಮೇಲೆ ಡಿಕ್ಷನರಿ ಬಿಚ್ಚಿದೆ. ಗ್ರೀಕ್‌ನಲ್ಲಿ ‘ಪೆಡಾನ್’ ಅಂದರೆ ನೆಲ, ಮಣ್ಣಿನ ಅಧ್ಯಯನ ಅನ್ನೋ ಅರ್ಥದ ಪೆಡಾಲಜಿ ಹುಟ್ಟಿದ್ದು ಅಲ್ಲಿಂದ. ಮಗುವಿಗೆ ಬೇರೆಯೇ ಪದ, ‘ಪಾಯ್ಸ್’. ಅದು ‘ಪಾಯ್ಡೋಸ್’ ಅಂತ ರೂಪ ಬದಲಿಸುತ್ತದೆ, ಅದಕ್ಕೆ ವೈದ್ಯ ಅನ್ನೋ ಅರ್ಥದ ‘ಇಯಾಟ್ರೋಸ್’ ಸೇರಿ ಪೀಡಿಯಾಟ್ರಿಕ್ಸ್. ಬ್ರಿಟನ್‌ನವರು ಮಕ್ಕಳ ಪದದಲ್ಲಿ ‘ಪಿ’ ಆದಮೇಲೆ ಒಂದು ‘ಎ’ ಉಳಿಸಿಕೊಂಡಿದ್ದಾರೆ, ಅಮೆರಿಕದವರು ಅದನ್ನು ಕಿತ್ತುಹಾಕಿದರು, ಹಾಗಾಗಿ ಮಣ್ಣೂ ಮಗುವೂ ಕಣ್ಣಿಗೆ ಒಂದೇ ಆದವು. ಮಕ್ಕಳ ಅಧ್ಯಯನಕ್ಕೂ ಪೆಡಾಲಜಿ ಅನ್ನೋ ಹೆಸರಿದೆಯಂತೆ, ಅಂದರೆ ನನ್ನ ತಪ್ಪು ಪೂರ್ತಿ ತಪ್ಪೂ ಅಲ್ಲ! ಇನ್ನು ಸೈಕಲ್ ಪೆಡಲ್ ಲ್ಯಾಟಿನ್‌ನ ಪಾದದ ಕಡೆಯದು, ಅದರ ತಂಟೆ ಬೇಡ.

ನಮ್ಮಲ್ಲೂ ಹೀಗಿದೆ ಅಲ್ವಾ? ಕನ್ನಡದ ‘ಅರಿ’ ಅಂದರೆ ತಿಳಿ, ಸಂಸ್ಕೃತದ ‘ಅರಿ’ ಅಂದರೆ ಶತ್ರು.

ಉಲ್ಟಾ ಆಗೋದೂ ಉಂಟು. ಅದೇ ಪುಸ್ತಕದಲ್ಲಿ ‘ಶಿಸ್ಟ್’ ಅನ್ನೋ ಕಲ್ಲು ಬರುತ್ತದೆ, ಪದರ ಪದರವಾಗಿ ಸೀಳುವ ಕಲ್ಲು. ಗ್ರೀಕ್‌ನ ‘ಸ್ಖಿಜೈನ್’, ಅಂದರೆ ಸೀಳು, ಅದರ ಮೂಲ. ಮಾನಸಿಕ ರೋಗದ ಥೀಸಿಸ್‌ನಲ್ಲಿ ನಾನು ನೂರು ಸಲ ಟೈಪ್ ಮಾಡಿದ್ದ ಸ್ಕಿಜೋಫ್ರೇನಿಯಾಕ್ಕೂ ಅದೇ ಮೂಲ. ಕಲ್ಲಿಗೂ ಮನಸ್ಸಿಗೂ ನಂಟಿದೆ, ಒಂದೇ ಥರ ಕಂಡ ಮಣ್ಣಿಗೂ ಮಗುವಿಗೂ ಇಲ್ಲ!

ಈಗ ಗೊತ್ತಿಲ್ಲದ ಪದ ಬಂದರೆ ಮೊದಲು ಅದನ್ನು ಮುರಿದು ನೋಡುತ್ತೇನೆ, ಆಮೇಲೆ ಟೈಪ್. ಆದರೂ ಎರಡನೇ ಮುದ್ರಣದ ಕರಡು ನೋಡಿದ ಹುಡುಗ, ಆ ಕಲ್ಲು ಉದ್ದಕ್ಕೆ ಹರಡಿರುವ ‘ಶಿಸ್ಟ್ ಪಟ್ಟಿ’ಯಲ್ಲಿನ ‘ಶಿಸ್ಟ್’ ಅನ್ನೋದನ್ನು ನನ್ನ ಬೆರಳಿನ ತಪ್ಪು ಅಂದುಕೊಂಡು ತಿದ್ದಿದ್ದ. ‘ಚಿತ್ರದುರ್ಗದ ಶಿಸ್ತಿನ ಪಟ್ಟಿ’ ಅಂತ.